ಟಿವಿ ನಿರೂಪಕಿ, ಸಚಿವೆ, ಪ್ರತ್ಯೇಕ ದೇಶದ ಕನಸು: ಕ್ವಿಬೆಕ್‌ನ ಲೀಜ್ ಪಯೆಟ್ ಈಗ ಯಾಕೆ ನೆನಪಾಗಬೇಕು

2025ರ ಆಗಸ್ಟ್ 11ರಂದು ಕೆನಡಾದ, ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಆರ್ಥಬಾಸ್ಕಾ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಗೆದ್ದವರು ಪಾರ್ಟಿ ಕೆಬೆಕ್ವಾದ ಅಲೆಕ್ಸ್ ಬ್ವಾಸೊನೋ. ಮೊದಲು ಅವರು ಕ್ವಿಬೆಕ್ ನಗರದಲ್ಲಿ ಸಾರ್ವಜನಿಕ ಫ್ರೆಂಚ್ ಪ್ರಸಾರ ಸಂಸ್ಥೆ ರೇಡಿಯೋ-ಕೆನಡಾದ ನಿರೂಪಕರಾಗಿದ್ದರು. ಅವರ ಎದುರು ಸೋತ ಮುಖ್ಯ ಅಭ್ಯರ್ಥಿ ಎರಿಕ್ ದುಹೇಮ್. ಕ್ವಿಬೆಕ್ ಕನ್ಸರ್ವೇಟಿವ್ ಪಕ್ಷದ ನಾಯಕರಾದ ಅವರೂ ಹಿಂದೆ ರೇಡಿಯೋದಲ್ಲಿ ಮಾತಾಡಿಯೇ ಹೆಸರು ಮಾಡಿದವರು. ಮೈಕ್ ಹಿಡಿದ ಇಬ್ಬರ ನಡುವಿನ ಸ್ಪರ್ಧೆಯಲ್ಲಿ, ಕ್ವಿಬೆಕ್ ಪ್ರತ್ಯೇಕ ದೇಶ ಆಗಬೇಕು ಅನ್ನುವ ಪಕ್ಷದವರು ಗೆದ್ದರು.

ಇದು ಒಂಟಿ ಗೆಲುವಲ್ಲ. 2022ರ ಚುನಾವಣೆಯಲ್ಲಿ ಪಾರ್ಟಿ ಕೆಬೆಕ್ವಾಗೆ 125ರಲ್ಲಿ ಸಿಕ್ಕಿದ್ದು ಬರೀ 3 ಸ್ಥಾನ. ಪಕ್ಷದ ಕಥೆ ಮುಗಿಯಿತು ಅಂತ ಆಗ ಬರೆದವರು ಬಹಳ ಜನ. ಆಮೇಲೆ 2023ರಲ್ಲಿ ಜಾನ್-ತಾಲೋ, 2025ರ ಮಾರ್ಚ್‌ನಲ್ಲಿ ತೆರ್ಬೊನ್, ಆಗಸ್ಟ್‌ನಲ್ಲಿ ಆರ್ಥಬಾಸ್ಕಾ ಹೀಗೆ ಒಂದೊಂದೇ ಕ್ಷೇತ್ರ ಅವರ ಕೈಗೆ ಬಂತು. ಪಕ್ಷದ ನಾಯಕ ಪಾಲ್ ಸೇಂಟ್-ಪಿಯೆರ್ ಪ್ಲಾಮೊಂಡನ್ ಒಂದು ಮಾತನ್ನು ಬಿಡದೆ ಹೇಳುತ್ತಾ ಬಂದಿದ್ದಾರೆ: ನಾವು ಸರ್ಕಾರ ಮಾಡಿದರೆ ಮೊದಲ ಅವಧಿಯಲ್ಲೇ, 2030ರೊಳಗೆ, ಪ್ರತ್ಯೇಕ ದೇಶದ ಬಗ್ಗೆ ಮೂರನೇ ಜನಮತಗಣನೆ (ಮೊದಲ ಎರಡು ನಡೆದದ್ದು 1980, 1995ರಲ್ಲಿ). ಪ್ರಾಂತ್ಯದ ಚುನಾವಣೆ 2026ರ ಅಕ್ಟೋಬರ್ 5ಕ್ಕೆ ನಿಗದಿಯಾಗಿದೆ.

ಜನಪ್ರಿಯ ದನಿಗಳು ಈ ಪಕ್ಷಕ್ಕೆ ಬರುವುದು ಹೊಸದೇನಲ್ಲ. ಪಕ್ಷ ಕಟ್ಟಿ 1976ರಲ್ಲಿ ಮುಖ್ಯಮಂತ್ರಿಯಾದ ರೆನೆ ಲೆವೆಕ್ ಸ್ವತಃ ಟಿವಿಯವರು. ಆದರೆ ಇಂಥ ದನಿ ರಾಜಕೀಯಕ್ಕೆ ಬಂದರೆ ಏನು ಸಿಗುತ್ತದೆ, ಏನು ಕೈ ತಪ್ಪುತ್ತದೆ ಅಂತ ತಿಳಿಯಬೇಕಾದರೆ ಲೆವೆಕ್‌ಗಿಂತ ಅವರ ಸಂಪುಟದಲ್ಲಿದ್ದ ಲೀಜ್ ಪಯೆಟ್ ಅವರ ಬದುಕನ್ನು ನೋಡಬೇಕು. ಕ್ವಿಬೆಕ್‌ನಲ್ಲಿ ಇವತ್ತಿಗೂ ಅವರ ಹೆಸರು ಎತ್ತಿದರೆ ಹೆಚ್ಚಿನವರಿಗೆ ನೆನಪಾಗುವುದು 1980ರಲ್ಲಿ ಬಾಯಿ ತಪ್ಪಿ ಆಡಿದ ಒಂದು ಮಾತು. ಇದು ಅವರಿಗೆ ಮಾಡಿದ ಅನ್ಯಾಯ ಅಂತ ನನಗನ್ನಿಸುತ್ತದೆ. ಆ ಮಾತಿಗೆ ಎರಡು ವರ್ಷ ಮೊದಲು ಅವರು ಮಾಡಿದ ಕಾನೂನುಗಳ ನೆರಳಲ್ಲಿ ಆ ಪ್ರಾಂತ್ಯದ ಪ್ರತಿ ಮನೆ ಇವತ್ತಿಗೂ ಬದುಕುತ್ತಿದೆ.

ಮೊದಲು ಒಂದು ಹಿನ್ನೆಲೆ. ಕ್ವಿಬೆಕ್‌ನಲ್ಲಿ ಟಿವಿಗೆ ಇಷ್ಟು ಬಲ ಬಂದಿದ್ದು ಹೇಗೆ? ಮಾಂಟ್ರಿಯಲ್‌ನಲ್ಲಿ ರೇಡಿಯೋ-ಕೆನಡಾದ ಟಿವಿ ಶುರುವಾಗಿದ್ದು 1952ರ ಸೆಪ್ಟೆಂಬರ್‌ನಲ್ಲಿ. ಇಂಗ್ಲಿಷ್ ಮಾತಾಡುವ ಕೆನಡಾದವರು ಅಮೆರಿಕದ ಕಾರ್ಯಕ್ರಮಗಳನ್ನೇ ನೋಡಿಕೊಂಡು ಇರಬಹುದಿತ್ತು. ಫ್ರೆಂಚ್ ಮಾತಾಡುವವರಿಗೆ ಆ ದಾರಿ ಇರಲಿಲ್ಲ. ಹಾಗಾಗಿ ನಾಟಕ, ಧಾರಾವಾಹಿ, ಹರಟೆ, ಸುದ್ದಿ ಎಲ್ಲವನ್ನೂ ಅಲ್ಲೇ ತಯಾರು ಮಾಡಬೇಕಾಯಿತು. ಅವರದ್ದೇ ತಾರೆಯರು ಹುಟ್ಟಿಕೊಂಡರು. ಹಳ್ಳಿಯವರೂ ಪೇಟೆಯವರೂ ಒಂದೇ ಸಂಜೆ ಒಂದೇ ಮುಖವನ್ನು ನೋಡತೊಡಗಿದರು. ಒಂದು ಜನ ತಮ್ಮನ್ನು ತಾವು ಕನ್ನಡಿಯಲ್ಲಿ ನೋಡಿಕೊಂಡ ಹಾಗಿತ್ತು ಅದು. 1956ರಿಂದ 1959ರವರೆಗೆ ಲೆವೆಕ್ ಒಂದು ಕರಿಹಲಗೆ, ಒಂದು ನಕ್ಷೆ ಇಟ್ಟುಕೊಂಡು ಜಗತ್ತಿನ ವಿದ್ಯಮಾನಗಳನ್ನು ಅದೇ ಟಿವಿಯಲ್ಲಿ ಬಿಡಿಸಿ ಹೇಳುತ್ತಿದ್ದರು. 1958ರ ಡಿಸೆಂಬರ್ ಕೊನೆಯಲ್ಲಿ ರೇಡಿಯೋ-ಕೆನಡಾದ ನಿರ್ಮಾಪಕರು ಮುಷ್ಕರ ಹೂಡಿದರು. ಎರಡು ತಿಂಗಳಿಗೂ ಜಾಸ್ತಿ ನಡೆದ ಆ ಮುಷ್ಕರಕ್ಕೆ ಒಟ್ಟಾವಾದ ಕೇಂದ್ರ ಸರ್ಕಾರ ತಲೆ ಕೆಡಿಸಿಕೊಳ್ಳಲಿಲ್ಲ ಅನ್ನುವ ಸಿಟ್ಟು ಲೆವೆಕ್ ಮನಸ್ಸಲ್ಲಿ ಉಳಿಯಿತು. 1960ರಲ್ಲಿ ಅವರು ಚುನಾವಣೆಗೆ ನಿಂತರು. ಉಳಿದದ್ದು ಚರಿತ್ರೆಯ ಪುಸ್ತಕಗಳಲ್ಲಿದೆ.

ಪಯೆಟ್ ಬಂದ ದಾರಿ ಬೇರೆ. 1931ರಲ್ಲಿ ಹುಟ್ಟಿ, ಮಾಂಟ್ರಿಯಲ್‌ನ ಕಾರ್ಮಿಕರ ಬಡಾವಣೆಯಲ್ಲಿ ಬೆಳೆದವರು. ಹುಟ್ಟಿನ ಹೆಸರು ಊಮೆ. ಪಯೆಟ್ ಅನ್ನುವುದು ಗಂಡನ ಕಡೆಯಿಂದ ಬಂದ ಹೆಸರು. 1950ರ ದಶಕದಲ್ಲಿ ತ್ರ್ವಾ-ರಿವಿಯೆರ್ ಊರಿನ ರೇಡಿಯೋದಲ್ಲಿ ಕೆಲಸ ಶುರು ಮಾಡಿದರು. 60ರ ದಶಕದ ನಡುವಿನಿಂದ ಅವರ ರೇಡಿಯೋ ಕಾರ್ಯಕ್ರಮವನ್ನು ಮನೆಯಲ್ಲಿರುವ ಹೆಂಗಸರು ಕಿವಿಗೊಟ್ಟು ಕೇಳುತ್ತಿದ್ದರು. 1972ರಲ್ಲಿ ಬಂತು ನೋಡಿ, ರಾತ್ರಿ ಹೊತ್ತಿನ ಟಿವಿ ಹರಟೆ ಕಾರ್ಯಕ್ರಮ 'ಅಪ್ಲೆ-ಮ್ವಾ ಲೀಜ್', ಅಂದರೆ 'ನನ್ನನ್ನ ಲೀಜ್ ಅಂತ ಕರೀರಿ'. ನಲವತ್ತು ದಾಟಿದ ಹೆಂಗಸು, ಆ ಕಾಲದ ಟಿವಿ ಬಯಸುತ್ತಿದ್ದ ತೆಳ್ಳನೆ ಬೆಡಗಿಯಲ್ಲ. ದೊಡ್ಡ ನಗು, ನೇರ ಪ್ರಶ್ನೆ. ಎದುರಿಗೆ ಕೂತ ಗಾಯಕನಾಗಲಿ, ಮಂತ್ರಿಯಾಗಲಿ ಒಂದೇ ಸಲುಗೆಯ ಮಾತು. ಹೆಂಗಸರ ಸೌಂದರ್ಯ ಸ್ಪರ್ಧೆಗಳ ಕಾಲದಲ್ಲಿ ಅವರು ವರ್ಷಕ್ಕೊಮ್ಮೆ ಕೆನಡಾದ ಅತಿ ಚೆಂದದ ಗಂಡಸು ಯಾರು ಅಂತ ಸ್ಪರ್ಧೆ ಇಟ್ಟರು. ನೋಡುಗರು ನಕ್ಕರು, ಮಾತು ಮಾತ್ರ ಸರಿಯಾದ ಜಾಗಕ್ಕೆ ತಾಗಿತು.

1975ರಲ್ಲಿ ಪ್ರಾಂತ್ಯದ ನಾಡಹಬ್ಬದ ಸಮಿತಿಗೆ ಅವರೇ ಅಧ್ಯಕ್ಷೆ. ಮಾಂಟ್ರಿಯಲ್‌ನ ಮೌಂಟ್ ರಾಯಲ್ ಬೆಟ್ಟದ ಮೇಲೆ ಹಬ್ಬ ನಡೆಯಿತು. ಜೂನ್ 24ರಂದು ಅಲ್ಲಿ ಜಿಲ್ ವಿನ್ಯೋ ಮೊದಲ ಸಲ ಹಾಡಿದ 'ಜಾನ್ ದ್ಯು ಪೇಯಿ' ಇವತ್ತು ಕ್ವಿಬೆಕ್‌ನ ಬಹುತೇಕ ನಾಡಗೀತೆ. ಹುಟ್ಟುಹಬ್ಬಕ್ಕೂ ಅದನ್ನೇ ಹಾಡುತ್ತಾರೆ. ಅಷ್ಟು ಹೊತ್ತಿಗೆ ಕಲಾವಿದರಲ್ಲಿ ದೊಡ್ಡ ಪಾಲು ಪ್ರತ್ಯೇಕ ದೇಶದ ಪರವಾಗಿತ್ತು. ಹಾಗಾಗಿ 1976ರಲ್ಲಿ ಲೆವೆಕ್ ಕರೆದಾಗ ಪಯೆಟ್ ಹೋದದ್ದರಲ್ಲಿ ಆಶ್ಚರ್ಯ ಇಲ್ಲ.

ನವೆಂಬರ್ 15ರಂದು ಪಾರ್ಟಿ ಕೆಬೆಕ್ವಾ 110ರಲ್ಲಿ 71 ಸ್ಥಾನ ಗೆದ್ದಿತು. ಪಯೆಟ್ ದೊರಿಯೋ ಕ್ಷೇತ್ರದಿಂದ ಆರಿಸಿ ಬಂದರು. ಕವಿ ಜೆರಾಲ್ ಗೋದಾ ಮೆರ್ಸಿಯೆ ಕ್ಷೇತ್ರದಲ್ಲಿ ಆಗಿನ ಮುಖ್ಯಮಂತ್ರಿ ರೋಬೆರ್ ಬುರಾಸಾರನ್ನೇ ಸೋಲಿಸಿದರು. ಆ ಇಡೀ ಸಭೆಯಲ್ಲಿ ಹೆಂಗಸರು ಬರೀ 5 ಜನ. ಕ್ವಿಬೆಕ್‌ನಲ್ಲಿ ಹೆಂಗಸರಿಗೆ ಪ್ರಾಂತೀಯ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿದ್ದೇ 1940ರಲ್ಲಿ, ಕೆನಡಾದ ಉಳಿದ ಪ್ರಾಂತ್ಯಗಳಿಗಿಂತ ತಡವಾಗಿ. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಕಾನೂನು ವ್ಯವಹಾರ ಮಾಡಬಹುದು ಅಂತ ಆಗಿದ್ದು 1964ರಲ್ಲಿ.

ಟಿವಿ ತಾರೆ ಮಂತ್ರಿಯಾದರೆ ಸಂಸ್ಕೃತಿ ಖಾತೆ ಕೊಟ್ಟು ಶೋಭೆಗೆ ಕೂರಿಸುವುದು ವಾಡಿಕೆ, ಅಲ್ವಾ? ಲೆವೆಕ್ ಹಾಗೆ ಮಾಡಲಿಲ್ಲ. ಪಯೆಟ್‌ಗೆ ಕೊಟ್ಟಿದ್ದು ಗ್ರಾಹಕರು, ಸಹಕಾರ ಸಂಘಗಳು, ಹಣಕಾಸು ಸಂಸ್ಥೆಗಳ ಖಾತೆ. ವಿಮೆ, ಸಾಲ, ಕರಾರು ಪತ್ರ ಇಂಥ ಒಣ ವಿಷಯಗಳು. ಅವರ ಬದುಕಿನ ಅತಿ ದೊಡ್ಡ ಕೆಲಸ ನಡೆದದ್ದು ಇಲ್ಲೇ.

ವಾಹನ ವಿಮೆಯನ್ನೇ ನೋಡಿ. ಅಪಘಾತದಲ್ಲಿ ಕಾಲು ಮುರಿದವನು ಪರಿಹಾರ ಬೇಕಂದರೆ ಎದುರಿನವನದ್ದೇ ತಪ್ಪು ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. ವರ್ಷಗಟ್ಟಲೆ ಅಲೆದಾಟ. ಎದುರಿನವನ ಹತ್ತಿರ ವಿಮೆ ಇಲ್ಲದಿದ್ದರೆ ಗೆದ್ದವನ ಕೈಗೆ ಬರುವುದು ಅಷ್ಟಕ್ಕಷ್ಟೆ. ಇದನ್ನು ಬದಲಿಸಬೇಕು ಅಂತ ಗೋವ್ಯಾ ಸಮಿತಿ 1974ರಲ್ಲೇ ಹೇಳಿತ್ತು. ವರದಿ ಕಪಾಟಿನಲ್ಲಿ ಕೂತಿತ್ತು. ಪಯೆಟ್ ತಂದ ಕಾನೂನು 1978ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರ ತಿರುಳು ಸರಳ. ದೇಹಕ್ಕೆ ಪೆಟ್ಟಾದವರಿಗೆ ತಪ್ಪು ಯಾರದು ಅಂತ ಕೇಳದೆ ಸರ್ಕಾರಿ ವಿಮೆಯಿಂದ ಪರಿಹಾರ. ಗಾಡಿ ಜಖಂ ಆದರೆ ಅದು ಖಾಸಗಿ ವಿಮೆಯ ಲೆಕ್ಕ. ಪೆಟ್ಟಾದವರಿಗೆ ಕೊಡುವ ಹಣ ಲೈಸೆನ್ಸ್ ಮತ್ತು ನೋಂದಣಿ ಶುಲ್ಕದಿಂದ ಬರಬೇಕು.

ವಿಮಾ ಕಂಪನಿಗಳು ತಿರುಗಿ ಬಿದ್ದವು. ವಕೀಲರು ತಿರುಗಿ ಬಿದ್ದರು, ಯಾಕೆಂದರೆ ಅವರ ಕೇಸುಗಳಲ್ಲಿ ದೊಡ್ಡ ಪಾಲು ಇವೇ. ಇಂಥ ಗದ್ದಲದ ನಡುವೆ ಪಯೆಟ್‌ರ ಹಳೆಯ ಕಸುಬು ಕೆಲಸಕ್ಕೆ ಬಂತು. ಇಪ್ಪತ್ತು ವರ್ಷ ಅವರು ಅಡುಗೆಮನೆಯಲ್ಲಿ ರೇಡಿಯೋ ಕೇಳುವ ಒಬ್ಬರಿಗೆ ಮಾತಾಡುವುದನ್ನು ಕಲಿತಿದ್ದರು. ಗುಂಪಿಗೆ ಭಾಷಣ ಮಾಡುವವರು ದನಿ ಏರಿಸುತ್ತಾರೆ. ಒಬ್ಬರಿಗೆ ಮಾತಾಡುವವರು ಬಿಡಿಸಿ ಹೇಳುತ್ತಾರೆ. ವಿಮೆಯಂಥ ವಿಷಯಕ್ಕೆ ಬೇಕಾದದ್ದು ಈ ಎರಡನೆಯದು. ಕೇಳುವವರ ನಂಬಿಕೆ ಅವರ ಹತ್ತಿರ ಮೊದಲೇ ಇತ್ತು. ಅದನ್ನು ಅವರು ಚಪ್ಪಾಳೆಗೆ ಖರ್ಚು ಮಾಡದೆ ಕಾನೂನಿಗೆ ಖರ್ಚು ಮಾಡಿದರು.

ಅದೇ 1978ರ ಗ್ರಾಹಕ ರಕ್ಷಣಾ ಕಾನೂನಿನಲ್ಲಿ ಇನ್ನೊಂದು ಅಂಶ ಇತ್ತು: 13 ವರ್ಷದೊಳಗಿನ ಮಕ್ಕಳನ್ನು ಗುರಿ ಮಾಡಿದ ವ್ಯಾಪಾರಿ ಜಾಹೀರಾತಿಗೆ ನಿಷೇಧ. ಜಾಹೀರಾತಿನ ಹಣದಿಂದ ಟಿವಿ ಹೇಗೆ ನಡೆಯುತ್ತದೆ ಅಂತ ಒಳಗಿನಿಂದ ಬಲ್ಲವರು ಇದನ್ನು ತಂದರು ಅನ್ನುವುದು ಗಮನಿಸಬೇಕಾದ ವಿಷಯ. ಆಟಿಕೆ ಕಂಪನಿ ಅರ್ವಿನ್ ಟಾಯ್ ಇದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ ಕೋರ್ಟಿಗೆ ಹೋಯಿತು. 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿ ಹಿಡಿಯಿತು. ಜಾಹೀರಾತನ್ನೂ ಅನುಮಾನದಿಂದ ನೋಡುವ ಬುದ್ಧಿ ಇನ್ನೂ ಬಂದಿರದ ಮಕ್ಕಳನ್ನು ಸರ್ಕಾರ ಕಾಯಬಹುದು ಅನ್ನುವುದು ಆ ತೀರ್ಪಿನ ಸಾರ. ಮೊಬೈಲ್‌ನಲ್ಲಿ ಮುಳುಗಿದ ಮಕ್ಕಳ ಬಗ್ಗೆ ಇವತ್ತು ಲೋಕವೆಲ್ಲ ಮಾತಾಡುವಾಗ ಆ ಕಾನೂನು ಎಷ್ಟು ಮುಂದೆ ಇತ್ತು ಅಂತ ಗೊತ್ತಾಗುತ್ತದೆ.

ಗಾಡಿಗಳ ನಂಬರ್ ಪ್ಲೇಟ್ ಮೇಲಿದ್ದ 'ಸುಂದರ ಪ್ರಾಂತ್ಯ' ಅನ್ನುವ ಪ್ರವಾಸಿಗರ ಮಾತು ಹೋಗಿ, ಶಾಸನಸಭೆಯ ಬಾಗಿಲ ಮೇಲೆ 1883ರ ಕಾಲದಿಂದ ಇರುವ 'ನನಗೆ ನೆನಪಿದೆ' ಅನ್ನುವ ಘೋಷವಾಕ್ಯ ಬಂದದ್ದೂ 1978ರಲ್ಲೇ. ಅದರ ಹಿಂದೆಯೂ ಪಯೆಟ್ ಇದ್ದರು.

ಈಗ 1980. ಹೆಂಗಸರ ಸ್ಥಾನಮಾನದ ಖಾತೆ ಅವರ ಕೈಗೆ ಬಂದು ಕೆಲವು ತಿಂಗಳಾಗಿತ್ತು. ಮೇ 20ಕ್ಕೆ ಜನಮತಗಣನೆ. ಜನರ ಮುಂದಿಟ್ಟ ಪ್ರಶ್ನೆ ಬಹಳ ಎಚ್ಚರಿಕೆಯದ್ದು. ನೇರವಾಗಿ ಬೇರೆಯಾಗೋಣವೇ ಅಂತ ಕೇಳಲಿಲ್ಲ. ಕೆನಡಾದ ಜೊತೆ ಆರ್ಥಿಕ ನಂಟು ಇಟ್ಟುಕೊಂಡು ಸಾರ್ವಭೌಮತ್ವದ ಬಗ್ಗೆ ಮಾತುಕತೆ ನಡೆಸಲು ಅಧಿಕಾರ ಕೊಡಿ, ಫಲಿತಾಂಶ ಬಂದ ಮೇಲೆ ಮತ್ತೆ ನಿಮ್ಮನ್ನೇ ಕೇಳುತ್ತೇವೆ ಅಂದರು. ಮಾರ್ಚ್‌ನಲ್ಲಿ ಈ ಪ್ರಶ್ನೆಯ ಮೇಲೆ ಸಭೆಯಲ್ಲಿ ನಡೆದ ಚರ್ಚೆ ಟಿವಿಯಲ್ಲಿ ನೇರವಾಗಿ ಬಂತು. ಆಡಳಿತ ಪಕ್ಷದವರು ಒಬ್ಬರ ಹಿಂದೆ ಒಬ್ಬರು ತಯಾರಾಗಿ ಬಂದು ಮಾತಾಡಿದರು. 'ಹೌದು' ಬಣ ಮೇಲೇರುತ್ತಿತ್ತು.

ಮಾರ್ಚ್ 9ರಂದು ಮಾಂಟ್ರಿಯಲ್‌ನ ಒಂದು ಸಭೆಯಲ್ಲಿ ಪಯೆಟ್ ಒಂದು ಶಾಲಾ ಪಠ್ಯವನ್ನು ಓದಿ ತೋರಿಸಿದರು. ಅದರಲ್ಲಿ ಗೀ ಅನ್ನುವ ಹುಡುಗ. ಆಟೋಟದಲ್ಲಿ ಮುಂದು, ಚಾಂಪಿಯನ್ ಆಗುವ ಆಸೆ. ಅವನ ತಂಗಿ ಇವೆಟ್. ಸದಾ ನಗುಮುಖ, ಅಪ್ಪ ಅಮ್ಮನಿಗೆ ಇಷ್ಟವಾಗುವ ಹಾಗೆ ಇರುತ್ತಾಳೆ. ಊಟದ ಹೊತ್ತಿಗೆ ಬ್ರೆಡ್ ಕೊಯ್ಯುತ್ತಾಳೆ, ಚಹಾ ಬಗ್ಗಿಸುತ್ತಾಳೆ, ಸಕ್ಕರೆ ಡಬ್ಬಿ, ಬೆಣ್ಣೆ ಬಟ್ಟಲು ತಂದಿಡುತ್ತಾಳೆ. ನಾವೆಲ್ಲ ಹೀಗೇ ಬೆಳೆದವರು, ನಾನೂ ಇವೆಟ್ ಆಗಿದ್ದೆ, ಇನ್ನು ಸಾಕು ಅಂತ ಪಯೆಟ್ ಹೇಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಅದು ಒಳ್ಳೆಯ ಭಾಷಣ. ಮುಂದುವರಿದು, 'ಬೇಡ' ಬಣದ ನಾಯಕ ಕ್ಲಾಡ್ ರಯಾನ್ ಇಂಥ ಇವೆಟ್‌ಗಳನ್ನೇ ಬಯಸುವವರು, ಅವರು ಮದುವೆಯಾಗಿರುವುದೂ ಒಬ್ಬ ಇವೆಟ್‌ಳನ್ನೇ ಅಂದುಬಿಟ್ಟರು.

ಮ್ಯಾಡಲೀನ್ ರಯಾನ್ ಹಾಗಿರಲಿಲ್ಲ. ಶಿಕ್ಷಣ, ಸಮಾಜಸೇವೆಯಲ್ಲಿ ಕೆಲಸ ಮಾಡಿದವರು. ಎರಡು ದಿನಕ್ಕೆ 'ಲ ದವ್ವಾರ್' ಪತ್ರಿಕೆಯಲ್ಲಿ ಲೀಜ್ ಬಿಸೋನೆಟ್ ಸಂಪಾದಕೀಯ ಬರೆದು ಪಯೆಟ್‌ರನ್ನು ಕಟುವಾಗಿ ಟೀಕಿಸಿದರು. ಪಯೆಟ್ ಬಹಿರಂಗವಾಗಿ ಕ್ಷಮೆ ಕೇಳಿದರು. ಅಷ್ಟು ಹೊತ್ತಿಗೆ ಮಾತು ಕೈ ಮೀರಿತ್ತು. ಮಾರ್ಚ್ 30ರಂದು ಕ್ವಿಬೆಕ್ ನಗರದ ಶಾತೋ ಫ್ರೊಂತೆನಾಕ್ ಹೋಟೆಲಿನಲ್ಲಿ 'ಇವೆಟ್'ಗಳ ಸಭೆ ಸೇರಿತು. ಏಪ್ರಿಲ್ 7ರಂದು ಮಾಂಟ್ರಿಯಲ್ ಫೋರಂ ಕ್ರೀಡಾಂಗಣ ತುಂಬಿತು. ಹದಿನಾಲ್ಕು ಸಾವಿರಕ್ಕೂ ಜಾಸ್ತಿ ಹೆಂಗಸರು, ತಮ್ಮನ್ನು ತಾವು ಇವೆಟ್ ಅಂತ ಕರೆದುಕೊಂಡು, 'ಬೇಡ' ಅನ್ನಲು ಬಂದರು. ವೇದಿಕೆಯ ಮೇಲೆ ತೆರೆಸ್ ಕಾಸ್‌ಗ್ರೇನ್ ಇದ್ದರು. 1940ರಲ್ಲಿ ಹೆಂಗಸರಿಗೆ ಮತದ ಹಕ್ಕು ಸಿಗಲು ಹೋರಾಡಿದವರು. ಹೆಂಗಸರ ಹಕ್ಕಿನ ಮಾತು ಪ್ರತ್ಯೇಕ ದೇಶದವರ ಸೊತ್ತು ಅಂತ ಇನ್ನು ಯಾರೂ ಹೇಳುವಂತಿರಲಿಲ್ಲ.

ಮೇ 20ರ ಫಲಿತಾಂಶ: ಬೇಡ ಶೇ 59.56, ಹೌದು ಶೇ 40.44.

ಆ ಒಂದು ಮಾತಿನಿಂದಲೇ ಸೋತರು ಅನ್ನುವ ಕಥೆ ಅಂದಿನಿಂದ ಓಡಾಡುತ್ತಿದೆ. ಇದು ಸುಮ್ನೆ ಬಾಯಿಂದ ಬಾಯಿಗೆ ಬೆಳೆದ ಕಥೆ ಅನ್ನುವುದು ನನ್ನ ಅಭಿಪ್ರಾಯ. ಅಂತರ 19 ಅಂಕ. ಪಿಂಚಣಿ ಏನಾಗುತ್ತದೆ ಅನ್ನುವ ವಯಸ್ಸಾದವರ ಭಯ, ಕೆಲಸ ಮತ್ತು ಪೆಟ್ರೋಲ್ ಬೆಲೆಯ ಚಿಂತೆ, ಬೇಡ ಅಂದರೆ ಸಂವಿಧಾನ ಬದಲಿಸುತ್ತೇವೆ ಅಂತ ಮೇ 14ರಂದು ಪ್ರಧಾನಿ ಪಿಯರ್ ಟ್ರೂಡೊ ಕೊಟ್ಟ ಮಾತು, ಇವೆಲ್ಲ ಸೇರಿ ಆಗಿದ್ದು ಆ ಅಂತರ. ಇವೆಟ್ ಪ್ರಸಂಗ ಮಾಡಿದ್ದು ಬೇರೆ ಕೆಲಸ. ಅಲ್ಲಿಯವರೆಗೆ 'ಬೇಡ' ಅನ್ನುವವರಿಗೆ ಸೇರಲು ಒಂದು ಜಾಗ, ಒಂದು ಹೆಸರು, ಒಂದು ಹುರುಪು ಇರಲಿಲ್ಲ. ಮೂರನ್ನೂ ಎದುರಾಳಿ ಬಣದ ಅತಿ ಜನಪ್ರಿಯ ದನಿಯೇ ಒದಗಿಸಿತು.

ಅದೂ ಅದೇ ಪಯೆಟ್, ಅದೇ ಕೇಳುಗರು! ಇಪ್ಪತ್ತು ವರ್ಷ ಯಾರ ಅಡುಗೆಮನೆಯಲ್ಲಿ ಅವರ ದನಿ ಕೇಳಿತ್ತೋ, ಆ ಹೆಂಗಸರಿಗೇ ಅವತ್ತು ಪೆಟ್ಟಾಯಿತು. ಸಲುಗೆ ಇರುವ ಕಡೆ ನೋವೂ ಆಳ. ಯಾವನೋ ಗಂಡಸು ರಾಜಕಾರಣಿ ಅದೇ ಮಾತು ಹೇಳಿದ್ದರೆ ಎರಡು ದಿನದ ಸುದ್ದಿಯಾಗಿ ಮರೆಯಾಗುತ್ತಿತ್ತೋ ಏನೋ. ಲೀಜ್ ಹೇಳಿದ್ದಕ್ಕೆ ಮರೆಯಾಗಲಿಲ್ಲ.

ಇದರ ಜೊತೆಗೆ ಇನ್ನೊಂದು ಲೆಕ್ಕ ಇಡಬೇಕು. ಸೋತ ಹನ್ನೊಂದೇ ತಿಂಗಳಲ್ಲಿ, 1981ರ ಏಪ್ರಿಲ್‌ನಲ್ಲಿ, ಅದೇ ಜನ ಪಾರ್ಟಿ ಕೆಬೆಕ್ವಾಗೆ 122ರಲ್ಲಿ 80 ಸ್ಥಾನ ಕೊಟ್ಟರು. ಸರ್ಕಾರ ಚೆನ್ನಾಗಿ ನಡೆಸಿದ್ದೀರಿ, ಮುಂದುವರಿಸಿ. ದೇಶ ಒಡೆಯುವುದು ಬೇಡ. ಎರಡನ್ನೂ ಜನ ಬೇರೆ ಬೇರೆ ಇಟ್ಟು ತೂಗಿದರು. ವಿಮೆ ಕಾನೂನಿಗೆ ಸಿಕ್ಕ ಮೆಚ್ಚುಗೆ ಮೊದಲ ತಕ್ಕಡಿಗೆ ಬಿತ್ತು, ಎರಡನೆಯದಕ್ಕೆ ಬೀಳಲಿಲ್ಲ. ಪ್ಲಾಮೊಂಡನ್ ತಂಡ ಇವತ್ತು ಎದುರಿಸುತ್ತಿರುವುದೂ ಇದೇ. ಪಕ್ಷ ಉಪಚುನಾವಣೆ ಗೆಲ್ಲುತ್ತದೆ, ಪ್ರತ್ಯೇಕ ದೇಶಕ್ಕೆ ಬೆಂಬಲ ಮಾತ್ರ ಸಮೀಕ್ಷೆಗಳಲ್ಲಿ ಮೂರನೇ ಒಂದು ಭಾಗದ ಆಸುಪಾಸಿನಲ್ಲೇ ಸುತ್ತುತ್ತದೆ.

ಪಯೆಟ್ 1981ರಲ್ಲಿ ಮತ್ತೆ ನಿಲ್ಲಲಿಲ್ಲ. ಧಾರಾವಾಹಿ ಬರೆಯಲು ಕೂತರು. ಹೆಂಗಸರ ಸ್ನೇಹ, ಮದುವೆ, ವಿಚ್ಛೇದನ, ವಯಸ್ಸಾಗುವುದು ಇವೆಲ್ಲ ಇದ್ದ ಅವರ ಧಾರಾವಾಹಿಗಳನ್ನು ಜನ ಬಿಡದೆ ನೋಡಿದರು. ಅದೇ ಏಪ್ರಿಲ್‌ನಿಂದ ಕ್ವಿಬೆಕ್‌ನಲ್ಲಿ ಮದುವೆಯಾದ ಹೆಂಗಸರು ಕಾನೂನಿನ ಪ್ರಕಾರ ಹುಟ್ಟಿನ ಹೆಸರನ್ನೇ ಉಳಿಸಿಕೊಳ್ಳಬೇಕು ಅಂತಾಯಿತು. ಮುಂದೆ 2007ರಿಂದ 2016ರವರೆಗೆ ಪಯೆಟ್ ಅಂಕಣ ಬರೆದದ್ದು 'ಲ ದವ್ವಾರ್' ಪತ್ರಿಕೆಗೇ. 2018ರ ಸೆಪ್ಟೆಂಬರ್ 5ರಂದು, 87ರ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಬದುಕಿನಲ್ಲಿ ನನಗೆ ಒಪ್ಪಲಾಗದ ಒಂದು ಅಧ್ಯಾಯವೂ ಇದೆ. 1989ರಲ್ಲಿ ಅವರು ನಿರೂಪಿಸಿದ ಒಂದು ಸಾಕ್ಷ್ಯಚಿತ್ರ ಬಂತು. ಹುಟ್ಟುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ವಲಸೆ ಬರುವವರು ಹೆಚ್ಚುತ್ತಿದ್ದಾರೆ, ಹೀಗಾದರೆ ಫ್ರೆಂಚ್ ಕ್ವಿಬೆಕ್ ಮಾಯವಾಗುತ್ತದೆ ಅನ್ನುವ ಭಯ ಅದರ ತುಂಬ. ವಲಸೆ ಬಂದವರನ್ನು ಅಪಾಯದ ಹಾಗೆ ತೋರಿಸಿದ್ದಾರೆ ಅಂತ ಟೀಕೆ ಬಂತು. ಟೀಕೆಯಲ್ಲಿ ಹುರುಳಿತ್ತು. ಆರು ವರ್ಷ ಕಳೆದು, 1995ರ ಎರಡನೇ ಜನಮತಗಣನೆಯಲ್ಲಿ 'ಹೌದು' ಬಣ ಶೇ 49.42 ಪಡೆದು, 54,288 ಮತಗಳಿಂದ ಸೋತಿತು. ಆ ರಾತ್ರಿ ಮುಖ್ಯಮಂತ್ರಿ ಜಾಕ್ ಪಾರಿಜೋ, ಹಣ ಮತ್ತು ವಲಸಿಗ ಸಮುದಾಯಗಳ ಮತದಿಂದ ಸೋತೆವು ಅಂದರು. ಇವೆಟ್ ಮಾತಿನ ಹಾಗೆ ಅದೂ ಅಳಿಸಿ ಹೋಗಲಿಲ್ಲ. ಎರಡು ಸಲವೂ ಗಾಯವಾಗಿದ್ದು ಪಕ್ಷ ಯಾರನ್ನು ಒಲಿಸಿಕೊಳ್ಳಬೇಕಿತ್ತೋ ಅವರಿಗೇ. ಈಗ ಪ್ಲಾಮೊಂಡನ್ ಕೂಡ ವಲಸೆ ಕಡಿಮೆ ಮಾಡಬೇಕು ಅಂತ ಜೋರಾಗಿ ಹೇಳುತ್ತಿದ್ದಾರೆ. ಮಾಂಟ್ರಿಯಲ್‌ನಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಅರೇಬಿಕ್ಕೋ ಹೈಟಿಯ ಕ್ರಿಯೋಲೋ ಆಡಿ, ಹೊರಗೆ ಫ್ರೆಂಚ್ ಆಡುವ ಯುವಕರ ಕಿವಿಗೆ ಇದು ಹೇಗೆ ಕೇಳುತ್ತದೆ ಅನ್ನುವುದು ಪಕ್ಷಕ್ಕೆ ದೊಡ್ಡ ವಿಷಯ ಆಗಬೇಕು.

ಪಯೆಟ್‌ರ ಕಾನೂನಿನಿಂದ ಹುಟ್ಟಿದ ವಿಮಾ ಮಂಡಳಿಯೂ ಈಚೆಗೆ ಸುದ್ದಿಯಲ್ಲಿತ್ತು, ಒಳ್ಳೆಯ ಕಾರಣಕ್ಕಲ್ಲ. ಅದರ ಮುಂದುವರಿಕೆಯಾದ ವಾಹನ ವಿಮಾ ಸಂಸ್ಥೆ 2023ರಲ್ಲಿ ಹೊಸ ಆನ್‌ಲೈನ್ ಸೇವೆ ಶುರು ಮಾಡಿತು. ಅದು ಸರಿಯಾಗಿ ನಡೆಯದೆ, ಲೈಸೆನ್ಸ್ ಕೆಲಸಕ್ಕೆ ಬಂದ ಜನ ಕಚೇರಿಗಳ ಹೊರಗೆ ಚಳಿಯಲ್ಲಿ ಸಾಲು ನಿಂತರು. ಒಟ್ಟು ಖರ್ಚು 110 ಕೋಟಿ ಡಾಲರ್ ಮುಟ್ಟಲಿದೆ, ಅಂದಾಜಿಗಿಂತ ಸುಮಾರು 50 ಕೋಟಿ ಜಾಸ್ತಿ ಅಂತ ಪ್ರಾಂತ್ಯದ ಲೆಕ್ಕ ಪರಿಶೋಧಕರು 2025ರಲ್ಲಿ ಹೇಳಿದರು. ಒಬ್ಬ ಸಚಿವರು ರಾಜೀನಾಮೆ ಕೊಟ್ಟರು. ವಿಚಾರಣಾ ಆಯೋಗ ಕೂತಿತು. ಇಷ್ಟಾದರೂ ತಪ್ಪು ಕೇಳದೆ ಪರಿಹಾರ ಕೊಡುವ ಪದ್ಧತಿ ಗಟ್ಟಿಯಾಗಿ ನಿಂತಿದೆ. ಸಿಟ್ಟು ಅದನ್ನು ನಡೆಸಿದವರ ಮೇಲೆ.

ಬ್ವಾಸೊನೋ ಅವರಂಥವರು ಪಯೆಟ್‌ಗೆ ಸಿಕ್ಕ ಕೇಳುಗರನ್ನು ಕನಸಿನಲ್ಲೂ ಎಣಿಸುವಂತಿಲ್ಲ. 1975ರಲ್ಲಿ ಇಡೀ ಪ್ರಾಂತ್ಯ ಎರಡು ಮೂರು ಚಾನೆಲ್ ಮುಂದೆ ಕೂತಿತ್ತು. ಈಗ ಹರೆಯದವರು ಫೋನಿನಲ್ಲಿ ಇಂಗ್ಲಿಷ್ ವಿಡಿಯೋ ನೋಡುತ್ತಾರೆ. ಸುದ್ದಿ ತೋರಿಸಿದರೆ ಸುದ್ದಿಸಂಸ್ಥೆಗಳಿಗೆ ಹಣ ಕೊಡಬೇಕು ಅನ್ನುವ ಕೆನಡಾದ ಹೊಸ ಕಾನೂನಿನ ಜಗಳದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ 2023ರ ಆಗಸ್ಟ್‌ನಿಂದ ಅಲ್ಲಿ ಸುದ್ದಿಯನ್ನೇ ತೋರಿಸುತ್ತಿಲ್ಲ. ಬೆಳಗಿನ ರೇಡಿಯೋ ನಿರೂಪಕರ ಮೇಲಿನ ನಂಬಿಕೆ ಒಂದು ನಗರದ, ಒಂದು ವಯಸ್ಸಿನ ಕೇಳುಗರವರೆಗೆ ಮಾತ್ರ ಹೋಗುತ್ತದೆ. ಹಾಗಾಗಿ ಪರಿಚಿತ ದನಿಗಳಿಂದ ಪಕ್ಷಕ್ಕೆ ಕೆಲವು ಕ್ಷೇತ್ರ ಸಿಗಬಹುದು. ಜನಮತಗಣನೆಗೆ ಬೇಕಾದದ್ದು ಅದಕ್ಕಿಂತ ಬಹಳ ಜಾಸ್ತಿ. ಸ್ವತಂತ್ರ ಕ್ವಿಬೆಕ್‌ನ ಮೊದಲ ವರ್ಷದ ಆಯವ್ಯಯ ಹೀಗಿರುತ್ತದೆ ಅಂತ ಪಕ್ಷ 2023ರ ಅಕ್ಟೋಬರ್‌ನಲ್ಲಿ ಒಂದು ದಸ್ತಾವೇಜು ಬಿಡುಗಡೆ ಮಾಡಿದೆ. ಸಾಲದ ಪಾಲು, ಪಿಂಚಣಿ, ಗಡಿ ವ್ಯಾಪಾರ ಎಲ್ಲ ಒಣ ವಿಷಯಗಳೇ. 1978ರಲ್ಲಿ ಪಯೆಟ್ ವಿಮೆಯನ್ನು ಬಿಡಿಸಿ ಹೇಳಿದ ಹಾಗೆ ಇದನ್ನು ಬಿಡಿಸಿ ಹೇಳುವ ಒಬ್ಬರು, ಅದೂ 'ಬೇಡ' ಅನ್ನುವವರ ಮನೆಗೇ ಹೋಗಿ ಹೇಳುವವರು, ಆ ಪಕ್ಷದಲ್ಲಿ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.